ಸುಣ್ಣ ಹಚ್ಚದ ಗಡಿಗೆ

ಹುಳಿಯೇರಿದ ಸಿಹಿನೀರಿನ ಆ ವಾಸನೆ ಅರವತ್ತು ವರ್ಷದ ಮೇಲೂ ನನಗೆ ಥಟ್ಟನೆ ಗುರುತು ಸಿಕ್ಕಿತು. ಮಕ್ಕಳೇ, ಈ ಮಾರ್ಚಿನಲ್ಲಿ, ಇಲ್ಲಿ ಪರದೇಶದ ಹ್ಯಾರೋದಲ್ಲಿ, ನಮ್ಮ ಪಕ್ಕದ ಮನೆಯವರು ಹಿತ್ತಲಿನ ಬರ್ಚ್ ಮರಕ್ಕೆ ಸಣ್ಣ ತೂತು ಕೊರೆದು, ಹನಿಹನಿಯಾಗಿ ಇಳಿದ ರಸವನ್ನು ಎರಡು ಬಾಟಲಿ ತುಂಬಿ ಕೊಟ್ಟರಲ್ಲ? ಒಂದನ್ನು ನಿಮ್ಮಮ್ಮ ಫ್ರಿಜ್ಜಿನಲ್ಲಿಟ್ಟಳು. ಇನ್ನೊಂದು ಅಡುಗೆಮನೆಯ ಕಿಟಕಿಯ ಬಿಸಿಲಿನಲ್ಲೇ ಉಳಿದು, ಮೂರನೆಯ ದಿನ ಮಜ್ಜಿಗೆಯ ತಿಳಿಯಂತೆ ಮಸುಕಾಗಿತ್ತು. ಮುಚ್ಚಳ ತಿರುವಿದರೆ ಬುಸ್ಸೆಂದಿತು. “ಇಟ್ಸ್ ಗಾನ್ ಆಫ್, ಅಜ್ಜಿ,” ಕೆಟ್ಟುಹೋಗಿದೆ ಎಂದು ಅನು ಮೂಗು ಮುಚ್ಚಿಕೊಂಡಳು. ಚೆಲ್ಲುವ ಮೊದಲು ನಾನು ಇನ್ನೊಮ್ಮೆ ಮೂಸಿದೆ. ಯಾಕೆಂದು ಅವಳು ಕೇಳಿದಳು. ಬಾಯಿಬಿಟ್ಟು ಹೇಳಲು ಆಗಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ವಿಜಯಪುರದ ಕಡೆಯ ನಮ್ಮೂರು ಈಗ ಆಣೆಕಟ್ಟಿನ ಹಿನ್ನೀರಿನ ತಳದಲ್ಲಿದೆ. ಆಗ ಅಲ್ಲಿ ಹಳ್ಳದ ದಂಡೆಗುಂಟ ಈಚಲು ಮರಗಳಿದ್ದವು. ಚಳಿಗಾಲದ ಸಂಜೆ, ಮರ ಏರುವ ಭೀಮಣ್ಣ ಕಾಕಾ ಬಂದು ರಸ ಇಳಿಯಲೆಂದು ನಮ್ಮ ಗಡಿಗೆ ಒಯ್ದು ಮರಕ್ಕೆ ಕಟ್ಟುತ್ತಿದ್ದ, ಬೆಳಕು ಹರಿಯುವಾಗ ಇಳಿಸಿ ತರುತ್ತಿದ್ದ. ಗಡಿಗೆಯ ಒಳಗೆ ಸುಣ್ಣ ಸವರಿದ್ದರೆ ರಸ ಕೆಡದೆ ಸಿಹಿಯಾಗಿ ನಿಲ್ಲುತ್ತದೆ, ಅದು ನೀರಾ. ಸವರದಿದ್ದರೆ ಅದೇ ರಸ ಬೆಳಗಾಗುವಷ್ಟರಲ್ಲಿ ಹುಳಿತು ಅಮಲೇರಿಸುವ ಶಿಂದಿಯಾಗುತ್ತದೆ. ಇಲ್ಲಿ ಫ್ರಿಜ್ಜು ಮಾಡುವ ಕೆಲಸವನ್ನು ಅಲ್ಲಿ ಸುಣ್ಣ ಮಾಡುತ್ತಿತ್ತು. ನನ್ನ ಅಜ್ಜನಿಗೆ ಉರಿಮೂತ್ರದ ಕಾಟ. ದಿನಾ ಒಂದು ಲೋಟ ನೀರಾ ಕುಡಿಯಲು ವೈದ್ಯರು ಹೇಳಿದ್ದರು. ಆದರೆ ಕೊರಳಲ್ಲಿ ಲಿಂಗ ಧರಿಸಿದ ಅಜ್ಜ ಹುಟ್ಟಿದಾಗಿನಿಂದ ಅಮಲಿನದೊಂದು ಹನಿ ಮುಟ್ಟಿದವನಲ್ಲ. ಆ ನೇಮ ನಿಂತಿದ್ದು ಗಡಿಗೆಯ ಸುಣ್ಣದ ಮೇಲೆ. ಸುಣ್ಣ ಹಚ್ಚುವ ಕೆಲಸ ಒಂಬತ್ತು ವರ್ಷದ ನನ್ನದು.

ಒಂದು ಸಂಜೆ ನೋಡಿದರೆ ಡಬ್ಬಿಯಲ್ಲಿ ಸುಣ್ಣವಿರಲಿಲ್ಲ. ತರಬೇಕೆಂದರೆ ಕಟ್ಟೆಯ ಮೇಲೆ ಕೂತ ಗಂಡಸರ ಮುಂದೆ ಹಾದು ಅಂಗಡಿಗೆ ಹೋಗಬೇಕು. ನಾನು ಎಂಥ ನಾಚಿಕೆಯ ಹುಡುಗಿ ಎಂದರೆ, ಶಾಲೆಯಲ್ಲಿ ಹಾಜರಿ ಕೂಗಿದಾಗಲೂ ನನ್ನ ಬದಲು ಗೆಳತಿಯೇ ಉತ್ತರ ಕೊಡುತ್ತಿದ್ದಳು. ದೇವರ ಮಾಡದಲ್ಲಿ ವಿಭೂತಿ ಗಟ್ಟಿ ಕಂಡಿತು. ಅದೂ ಬೆಳ್ಳಗೆ, ಇದೂ ಬೆಳ್ಳಗೆ. ಮೇಲಾಗಿ ದೇವರದು, ಇನ್ನೂ ಒಳ್ಳೆಯದೇ ಎಂದುಕೊಂಡು, ನೀರಲ್ಲಿ ಕಲಸಿ ಗಡಿಗೆಗೆ ಬಳಿದೆ.

ಮರುದಿನ ಬೆಳಿಗ್ಗೆ ಪೂಜೆ ಮುಗಿಸಿ ಪಡಸಾಲೆಯಲ್ಲಿ ಕೂತಿದ್ದ ಅಜ್ಜನ ಲೋಟಕ್ಕೆ ಭೀಮಣ್ಣ ಕಾಕಾ ಗಡಿಗೆ ಬಗ್ಗಿಸಿದ. ಆ ದಿನ ಅವನು ಕಂಬಳಿ ಹೊದ್ದು ಕೆಮ್ಮುತ್ತಿದ್ದ, ಮೂಗು ಕಟ್ಟಿತ್ತು. ಅಜ್ಜನಿಗಂತೂ ನಶ್ಯ ಏರಿಸಿ ಏರಿಸಿ ಯಾವ ವಾಸನೆಯೂ ತಿಳಿಯುತ್ತಿರಲಿಲ್ಲ. ಕಂಬದ ಮರೆಯಲ್ಲಿದ್ದ ನನಗೆ ಮಾತ್ರ ಆ ಹುಳಿ ಘಾಟು ಬಡಿಯಿತು. ಲೋಟ ತುಟಿಯ ಹತ್ತಿರ ಹೋಯಿತು. ನಾನು ಕಂಬ ಬಿಟ್ಟು ಮುಂದೆ ಬಂದೆ. ಹೇಗೆ ಬಂತೋ ಧ್ವನಿ.

“ಅಜ್ಜಾ, ಕುಡೀಬ್ಯಾಡ. ಸುಣ್ಣ ಅಲ್ಲ, ವಿಭೂತಿ ಹಚ್ಚೀನಿ.”

ಅಜ್ಜ ಲೋಟ ಕೆಳಗಿಟ್ಟ. ಭೀಮಣ್ಣ ಕಾಕಾ ಗಡಿಗೆಯೊಳಗೆ ಬೆರಳಾಡಿಸಿ ನೋಡಿ, ಮುಖ ತಿರುಗಿಸಿ ನಗತೊಡಗಿದ. ಏಟು ಬೀಳುತ್ತದೆಂದು ನಾನು ಕಣ್ಣು ಮುಚ್ಚಿದೆ. ಬಿದ್ದದ್ದು ತಲೆಯ ಮೇಲೆ ಅಜ್ಜನ ಅಂಗೈ.

“ವಿಭೂತಿ ಹಚ್ಚಿದ ಕೂಡ್ಲೆ ಗಡಗಿ ಶರಣ ಆಗ್ತೈತೇನವಾ?” ಎಂದ ಅಜ್ಜ, ನಗುತ್ತ. ಆಮೇಲೆ ಮೆಲ್ಲಗೆ, “ಹೇಳಿದಿ ಅಲಾ, ಸಾಕು.”

ಅವ್ವ ಅಂದು ಅಂಗಡಿಗೆ ನನ್ನನ್ನೇ ಕಳಿಸಿದಳು. ಹೋದೆ, ಸುಣ್ಣ ತಂದೆ.

ಅದಾಗಿ ಎರಡನೆಯ ವರ್ಷ ಅಜ್ಜ ಲಿಂಗೈಕ್ಯನಾದ. ಊರಿನವರೆಲ್ಲ ಸೇರಿ, ಕೊನೆಯತನಕ ನೇಮ ಕೆಡದ ಜೀವ ಎಂದು ಮಾತಾಡಿಕೊಂಡರು. ಅಂದಿನ ಲೋಟ ನೆನಪಾಗಿ ಅವ್ವ ಜನರ ನಡುವಿನಿಂದ ನನ್ನ ಕಡೆ ನೋಡಿದಳು. ನಾನು ಆಗ ಯಾರಿಗೂ ನಾಚದೆ, ಎಲ್ಲರಿಗೂ ಕೇಳುವ ಹಾಗೆ ಅತ್ತೆ.