ಖಾಲಿ ಬಿಟ್ಟ ೪೧೨ರ ಜಾಗ

ಬೆಳಗಿನ ಆರು ಗಂಟೆ. ಡೇರಿಯ ಮುಂದೆ ಹಾಲಿನ ಕ್ಯಾನು ಹಿಡಿದವರ ಸಾಲು ಇನ್ನೂ ಕರಗಿಲ್ಲ. ಪಕ್ಕದ ಗ್ರಂಥಾಲಯದ ಬೀಗ ತೆಗೆದು ಚಿಕ್ಕಬೋರಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸುತ್ತಾರೆ. ಮೊದಲು ಜಗುಲಿ, ಆಮೇಲೆ ಒಳಗಿನ ನೆಲ, ಕೊನೆಗೆ ಪುಸ್ತಕದ ಬೀರು. ಒಂದೊಂದೇ ಪುಸ್ತಕ ಎಳೆದು, ಒರೆಸಿ, ಮತ್ತೆ ಸೇರಿಸುತ್ತಾರೆ. ೪೧೧ ಆಯಿತು. ಮುಂದಿನದು ೪೧೩. ಇವೆರಡರ ನಡುವೆ ಎರಡು ಬೆರಳಿನಷ್ಟು ಜಾಗ ಖಾಲಿ. ಪುಸ್ತಕಗಳು ವಾಲದಿರಲೆಂದು ಅಲ್ಲೊಂದು ಮರದ ತುಂಡು. ಚಿಕ್ಕಬೋರಮ್ಮ ಆ ತುಂಡನ್ನೂ ತೆಗೆದು ಒರೆಸುತ್ತಾರೆ. ಅಲ್ಲಿರಬೇಕಾದ ಪುಸ್ತಕವನ್ನು ಅವರು ಹದಿನೇಳು ವರ್ಷದಿಂದ ಹುಡುಕುತ್ತಿದ್ದಾರೆ.

ಮಳವಳ್ಳಿಯಿಂದ ಬೆಳಕವಾಡಿ ಕಡೆಯ ಬಸ್ಸು ಹತ್ತಿ, ನಡುವೆ ಇಳಿದು ಗದ್ದೆ ಬಯಲಲ್ಲಿ ಒಂದು ಮೈಲಿ ನಡೆದರೆ ಸಿಗುವ ಸಣ್ಣ ಊರು ಇದು. ಚಿಕ್ಕಬೋರಮ್ಮನಿಗೆ ಈಗ ಅರವತ್ತೆರಡು. ಪಂಚಾಯ್ತಿ ಕಚೇರಿ, ಅಂಗನವಾಡಿ, ಬಸ್‌ ನಿಲ್ದಾಣ, ಗ್ರಂಥಾಲಯ: ದಿನಕ್ಕೆ ನಾಲ್ಕು ಕಡೆ ಕಸ ಗುಡಿಸುತ್ತಾರೆ. ಗುಡಿಸಿದ ಮೇಲೆ ಗ್ರಂಥಾಲಯದ ಮೆಟ್ಟಿಲ ಮೇಲೆ ಕೂತು ಹನ್ನೆರಡು ಪುಟ ಓದುತ್ತಾರೆ. ಹಬ್ಬದ ದಿನ ನಾಲ್ಕೇ ಪುಟ. ಹೀಗೆ ಓದಿ ಮುಗಿಸಿದ ಪುಸ್ತಕ ಈವರೆಗೆ ಮುನ್ನೂರ ಇಪ್ಪತ್ತಾರು. ನಾಲ್ಕಕ್ಷರ ಹೆಚ್ಚಿಗೆ ಕಲಿತೆವೆಂದು ಬೀಗುವವರು ಒಮ್ಮೆ ತಮ್ಮ ಲೆಕ್ಕ ನೋಡಿಕೊಳ್ಳಬಹುದು!

ಇವರ ಓದಿಗೆ ಒಂದು ಕ್ರಮವಿದೆ. ದೊಡ್ಡವರ ಜೀವನ ಚರಿತ್ರೆ ಹಿಡಿದರೆ, ಪೊರಕೆಯಿಂದ ಕಡ್ಡಿ ಮುರಿದು ಪಕ್ಕದಲ್ಲಿಟ್ಟುಕೊಳ್ಳುತ್ತಾರೆ. ಹೆಂಡತಿಯೋ ತಾಯಿಯೋ ಬಂದ ಪುಟಕ್ಕೆ ಒಂದೊಂದು ಕಡ್ಡಿ. ಮಹನೀಯರೊಬ್ಬರ ನಾನೂರು ಪುಟದ ಪುಸ್ತಕದಲ್ಲಿ ಎರಡೇ ಕಡ್ಡಿ ಇವೆ. ಒಂದು ಮದುವೆಯ ಪುಟದಲ್ಲಿ, ಇನ್ನೊಂದು ಆಕೆ ತೀರಿಹೋದ ಪುಟದಲ್ಲಿ.

“ನಡುವೆ ಮೂವತ್ತು ವರ್ಸ ಆವಮ್ಮ ಏನ್ ಮಾಡ್ತಿದ್ಲು? ಈವಯ್ಯ ಜೈಲಿಗೆ ವೋದಾಗ ಮಕ್ಳಿಗೆ ಇಟ್ಟು ಇಕ್ಕಿದೋರ್ಯಾರು? ಒಂದು ಗೆರೆ ಬರಿಯಾಕೆ ಕೈ ನೋವಾ?” ಎಂದು ಬರೆದವರನ್ನು ಬೈಯುತ್ತಾರೆ.

ಪುಸ್ತಕದೊಳಗೆ ಕಸ ಸಿಕ್ಕಿಸುತ್ತಾರೆಂದು ಗ್ರಂಥಪಾಲಕ ರಾಜೇಂದ್ರ ಮೊದಮೊದಲು ರೇಗಿ ಕಡ್ಡಿಗಳನ್ನೆಲ್ಲ ಉದುರಿಸಿದ್ದುಂಟು. ಮಾರನೇ ದಿನ ಅವು ಮತ್ತೆ ಹಾಜರ್. ಈಗ ಕಾಲೇಜಿನ ಹುಡುಗಿಯರು ಬಂದು “ಕಡ್ಡಿ ಜಾಸ್ತಿ ಇರೋದು ಕೊಡಿ ಸಾರ್” ಎಂದು ಕೇಳಿ ಒಯ್ಯುತ್ತಾರೆ. ರಾಜೇಂದ್ರ ಸೋತು ಸುಮ್ಮನಾಗಿದ್ದಾರೆ.

ಹೆಣ್ಣು ಮತ್ತು ಸಮಾಜ ಕುರಿತ ಪುಸ್ತಕಗಳೂ ಇಲ್ಲಿ ಹನ್ನೊಂದಿವೆ. ಎಲ್ಲವನ್ನೂ ಎರಡೆರಡು ಸಲ ಓದಿದ್ದಾರೆ. ಚೆನ್ನಾಗಿವೆಯೇ ಎಂದರೆ ಕೈಯಲ್ಲಿದ್ದ ಪುಸ್ತಕವನ್ನು ಬೀರುವಿಗೆ ಸೇರಿಸುತ್ತಾರೆ. ಆಮೇಲೆ ಹೇಳುತ್ತಾರೆ: “ಬರ್ದಿರೋದೆಲ್ಲ ನಿಜವೇ. ಆದ್ರೆ ಎಲ್ಲಾದ್ಕೂ ಸಮಾಜ ಸಮಾಜ ಅಂತರೆ ಕಣಪ್ಪ. ಸಮಾಜ ಯಾವತ್ತು ನಮ್ಮನೆ ನೀರೊಲೆ ಮುಂದೆ ಕುಂತಿತ್ತು? ಕುಂತಿದ್ದೋಳು ನಾನು.”

ನೀರೊಲೆಯ ಮಾತು ಬಂದರೆ ಪುಷ್ಪಾಳ ಮಾತು ಬರಲೇಬೇಕು. ಪುಷ್ಪಾ ಅವರ ಒಬ್ಬಳೇ ಮಗಳು. ಪಿಯುಸಿ ಓದುತ್ತಿದ್ದವಳು ಇದೇ ಗ್ರಂಥಾಲಯದಿಂದ ಪುಸ್ತಕ ತರುತ್ತಿದ್ದಳು. ಸಂಜೆ ಅವ್ವ ಅವರೆಕಾಯಿ ಸುಲಿಯುವಾಗ ಎದುರು ಕೂತು ತಾನೂ ಸುಲಿಯುತ್ತಾ ಓದಿದ್ದನ್ನು ಹೇಳುತ್ತಿದ್ದಳು. ಆಗ ಚಿಕ್ಕಬೋರಮ್ಮನಿಗೆ ಅಕ್ಷರ ಬಾರದು, ಹೆಬ್ಬೆಟ್ಟು. ಹ್ಞೂಂಗುಟ್ಟುತ್ತಿದ್ದರು, ಅಷ್ಟೇ.

ಕೊನೆಯ ಸಲ ಪುಷ್ಪಾ ಹೇಳಿದ್ದು ಒಬ್ಬ ಹೆಣ್ಣುಮಗಳ ಜೀವನ ಚರಿತ್ರೆ. ಎಳೆತನದಲ್ಲೇ ಮದುವೆಯಾಗಿ ಗಂಡ ಸತ್ತವಳು, ಕದ್ದು ಓದಿ ಪರೀಕ್ಷೆಗೆ ಹೊರಟಿದ್ದಾಳೆ. ಹೊಳೆ ತುಂಬಿ ಹರಿಯುತ್ತಿದೆ. ಅಂಬಿಗ ದೋಣಿ ಕಟ್ಟಿಹಾಕಿ ಒಲ್ಲೆನೆನ್ನುತ್ತಾನೆ. ಅವಳು ದಡದಲ್ಲಿ ನಿಂತಿದ್ದಾಳೆ. “ಇಷ್ಟೇ ಓದಿರೋದು, ಮಿಕ್ಕಿದ್ದು ನಾಳೆ ಹೇಳ್ತೀನವ್ವ” ಎಂದು ಪುಷ್ಪಾ ಎದ್ದಳು.

ಮರುದಿನ ಮದ್ದೂರು ಕಡೆಯಿಂದ ಹೆಣ್ಣು ನೋಡಲು ಬರುವವರಿದ್ದರು. ಬೆಳಿಗ್ಗೆ ಪುಷ್ಪಾ ಒಲೆ ಮುಂದೆ ಪುಸ್ತಕ ಬಿಚ್ಚಿ ಕೂತಿದ್ದಳು, ನೆಂಟರಿಗೆಂದು ಇಟ್ಟಿದ್ದ ಹಾಲು ಉಕ್ಕಿ ಹೋಯಿತು. ಚಿಕ್ಕಬೋರಮ್ಮನಿಗೆ ಎಲ್ಲಿತ್ತೋ ಸಿಟ್ಟು. “ಹೆಣ್ಣು ಓದಿ ಯಾವ ರಾಜ್ಯ ಆಳ್ಬೇಕೇ?” ಎಂದು ಪುಸ್ತಕ ಕಿತ್ತುಕೊಂಡು, ಉರಿಯುತ್ತಿದ್ದ ನೀರೊಲೆಗೆ ತುರುಕಿಬಿಟ್ಟರು.

“ಅತ್ತಿದ್ರೆ ಚೆಂದಾಗಿರೋದು. ಬೈದಿದ್ರೂ ಆಗೋದು. ಆ ಬೆಂಕೀಲಿ ಕಾದ ನೀರ್‌ನಲ್ಲೇ ಮಿಂದು, ಸೀರೆ ಉಟ್ಕಂಡು, ಬಂದೋರ ಮುಂದೆ ಬಂದು ಕುಂತ್ಕತು ನನ್ ಕೂಸು” ಎನ್ನುವಾಗ ಚಿಕ್ಕಬೋರಮ್ಮ ಕೈಯಲ್ಲಿನ ಒರೆಸುವ ಬಟ್ಟೆಯನ್ನು ಮಡಚುತ್ತಾರೆ, ಬಿಚ್ಚುತ್ತಾರೆ, ಮತ್ತೆ ಮಡಚುತ್ತಾರೆ.

ಮದುವೆಯಾಗಿ ಎರಡನೇ ವರ್ಷ ಹೆರಿಗೆಯಲ್ಲಿ ಪುಷ್ಪಾ ಹೋದಳು. ಕೂಸೂ ಉಳಿಯಲಿಲ್ಲ. ಕೊಕ್ಕರೆ ಬೆಳ್ಳೂರಿನ ಹತ್ತಿರದ ಗಂಡನ ಊರಲ್ಲೇ ಅವಳನ್ನು ಮಣ್ಣು ಮಾಡಿದ ಗುಡ್ಡೆಯಿದೆ. ಅಂದಿನಿಂದ ಚಿಕ್ಕಬೋರಮ್ಮ ನೀರೊಲೆ ಹಚ್ಚಿಲ್ಲ. “ನೀರು ಕಾಯ್ಸೋದು ನಂದೇ ಡ್ಯೂಟಿ” ಎನ್ನುತ್ತಾರೆ ಪತಿ ಹೊನ್ನಯ್ಯ. ಹೆಂಡತಿಯನ್ನು ಅವರು ಒಂದು ದಿನವೂ ಆಡಿಕೊಂಡಿಲ್ಲ. ಬೇಸಾಯ ಬಿಟ್ಟು ಬೇರೆ ಮಾತು ಅವರಿಗೆ ಬಾರದು. ಒಲೆ ಹಚ್ಚುವುದು ಮಾತ್ರ ತಪ್ಪಿಸುವುದಿಲ್ಲ.

ಮಗಳ ಟ್ರಂಕು ವಾಪಸ್ ಬಂದಾಗ ಅದರ ತುಂಬ ಅವಳ ನೋಟ್‌ಬುಕ್ಕುಗಳು. ಅವ್ವನಿಗೆ ಒಂದಕ್ಷರ ಓದಲಾಗಲಿಲ್ಲ. ಅಂಗನವಾಡಿಯಲ್ಲಿ ಕಸ ಗುಡಿಸಲು ಸೇರಿ, ಗುಡಿಸಿಯಾದ ಮೇಲೆ ಪುಟಾಣಿಗಳ ಹಿಂದೆ ಕೂತು ನಲವತ್ತೆರಡನೇ ವಯಸ್ಸಿನಲ್ಲಿ ಅ ಆ ತಿದ್ದಿದರು. ಊರು ನಕ್ಕಿತು. ಮೂರು ವರ್ಷ ಬಿಟ್ಟು ಗ್ರಂಥಾಲಯದ ಕೆಲಸವೂ ಸಿಕ್ಕಿತು. ಮೊದಲ ದಿನವೇ ಪುಸ್ತಕ ಕೊಟ್ಟ ರಿಜಿಸ್ಟರು ತೆಗೆಸಿ ನೋಡಿದರು: ‘೪೧೨, ಪುಷ್ಪಾ, ಹೊನ್ನಯ್ಯನವರ ಮಗಳು.’ ವಾಪಸ್ ಬಂದ ತಾರೀಖಿನ ಕಡೆ ಖಾಲಿ. ಪುಸ್ತಕದ ಹೆಸರು ಬರೆದಿರುತ್ತಿದ್ದ ಇನ್ನೊಂದು ಹಳೇ ರಿಜಿಸ್ಟರನ್ನು ಆ ಹೊತ್ತಿಗೆ ಗೆದ್ದಲು ಮುಗಿಸಿತ್ತು. ಮಗಳ ನೋಟ್‌ಬುಕ್ಕುಗಳಲ್ಲೂ ಆ ಹೆಸರು ಸಿಗಲಿಲ್ಲ. ಉಳಿದದ್ದು ನಂಬರು, ಮತ್ತು ದಡದಲ್ಲಿ ನಿಂತ ಆ ಹೆಣ್ಣು.

ಅವಳನ್ನು ಹುಡುಕಿಕೊಂಡೇ ಇಷ್ಟು ಓದು. ರಜೆಯ ದಿನ ಮಳವಳ್ಳಿ, ಮದ್ದೂರು, ಮಂಡ್ಯದ ಗ್ರಂಥಾಲಯಗಳಿಗೂ ಬಸ್ಸು ಹತ್ತಿದ್ದಾರೆ. ಹೊಳೆ ಬಂದ ಪುಸ್ತಕ ಸಿಕ್ಕಿದೆ, ಪರೀಕ್ಷೆ ಬಂದ ಪುಸ್ತಕ ಸಿಕ್ಕಿದೆ. ಎರಡೂ ಕೂಡಿದ ಪುಸ್ತಕ ಸಿಕ್ಕಿಲ್ಲ.

ಬರುವ ತಿಂಗಳು ಪುಸ್ತಕಗಳಿಗೆಲ್ಲ ಹೊಸ ನಂಬರು ಹಾಕಿ ಕಂಪ್ಯೂಟರಿಗೆ ಏರಿಸಬೇಕಂತೆ. ೪೧೨ ಬೇರೆ ಯಾವುದೋ ಪುಸ್ತಕಕ್ಕೆ ಹೋಗುತ್ತದೆ. ಹೇಗೆ ಹೇಳುವುದೆಂದು ತಿಳಿಯದೆ ನಾಲ್ಕು ದಿನ ಒದ್ದಾಡಿದ ರಾಜೇಂದ್ರ ಕೊನೆಗೆ ಹೇಳಿದ್ದಾರೆ, ಜೊತೆಗೊಂದು ಉಪಾಯವನ್ನೂ ಸೂಚಿಸಿದ್ದಾರೆ. “ಬೋರವ್ವ, ಹೊಳೆ ದಾಟಿದ್ಲು, ಪರೀಕ್ಷೆ ಬರೆದ್ಲು ಅಂತ ನೀವೇ ಒಂದು ಹಾಳೇಲಿ ಬರ್ದು ಇಟ್ಕೊಂಡ್‌ಬುಡಿ. ಎಷ್ಟು ವರ್ಷ ಅಂತ ಹುಡುಕ್ತೀರಿ?”

ಚಿಕ್ಕಬೋರಮ್ಮ ಮರದ ತುಂಡನ್ನು ಬೀರುವಿನಿಂದ ತೆಗೆದು ಮಡಿಲಿಗೆ ಹಾಕಿಕೊಂಡಿದ್ದಾರೆ. ನಂಬರು ಬೇಕಾದವರು ಇಟ್ಟುಕೊಳ್ಳಲಿ, ತುಂಡು ತಮ್ಮ ಮನೆಯಲ್ಲಿರಲಿ ಎಂದಿದ್ದಾರೆ. ಬರೆಯುವ ಮಾತಿಗೆ ಮಾತ್ರ ತಲೆಯಾಡಿಸಿಲ್ಲ.

“ಕತೆ ಆಗಿದ್ರೆ ನಾನೂ ಬರ್ದುಬುಡ್ತಿದ್ದೆ ಕಣಪ್ಪ. ಕತೇಲಿ ಬರಿಯೋರೇ ಒಳೆ ದಾಟುಸ್ತಾರೆ. ಇದು ಬದುಕಿದ್ದೋಳ ಪುಸ್ತಕ, ಅವ್ಳೇ ದಾಟಿರ್ಬೇಕು. ಸಿಕ್ಕುದ್ ದಿನ ಮದ್ದೂರು ಬಸ್ ಅತ್ತಿ ನನ್ ಕೂಸಿನ ಗುಡ್ಡೆ ತಾವ ಓದಿ ಏಳ್ಬುಟ್ಟು ಬತ್ತೀನಿ. ಅರ್ದಕ್ಕೇ ನಿಲ್ಲುಸ್ಬುಟ್ಟೆನಲ್ಲ.”