ರಕ್ತ ಕೊಡುವವರ ಚೀಟಿ

ಚೊಚ್ಚಲ ಹೆರಿಗೆಗೆ ನಾನು ಹರಿಹರದ ತವರಿಗೆ ಬಂದಾಗ ಮನೆಯವರೆಲ್ಲ ಸೇರಿ ಮಾಡಿದ ಒಂದೇ ಕೆಲಸವೆಂದರೆ ಚಿಂತೆ. ನನ್ನದು ಓ ನೆಗೆಟಿವ್ ರಕ್ತ, ಮೈಯಲ್ಲಿ ಅದೂ ಕಮ್ಮಿ. ಹೆರಿಗೆಯಲ್ಲಿ ಬೇಕಾದೀತು, ಅದೇ ಗುಂಪಿನ ಇಬ್ಬರನ್ನು ಈಗಲೇ ಗೊತ್ತುಮಾಡಿಕೊಳ್ಳಿ ಎಂದು ದಾವಣಗೆರೆಯ ಡಾಕ್ಟರಮ್ಮ ಖಡಾಖಂಡಿತವಾಗಿ ಹೇಳಿದ್ದರು.

ಆದರೆ ನಮ್ಮಲ್ಲಿ ಕೂಸು ಹುಟ್ಟುವ ತನಕ ಏನನ್ನೂ ಅಣಿಮಾಡುವ ಹಾಗಿಲ್ಲ. ಹಳೆಯ ಸೀರೆ ಹರಿದು ಬಟ್ಟೆ ಮಾಡಿಡುವುದೂ ಅಪಶಕುನ. ಇನ್ನು ರಕ್ತದ ಮಾತೆತ್ತಿದರೆ ಅವ್ವ, "ಬಿಡ್ತು ಅನ್ನು" ಎಂದು ಬಾಯಿ ಮುಚ್ಚಿಸಿ, ದೇವರ ಮನೆಗೆ ಹೋಗಿ ಅಳುತ್ತಿದ್ದಳು. ದಾವಣಗೆರೆಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಸೋದರಮಾವ ಪ್ರತಿ ಭಾನುವಾರ ಬಂದು, ನನ್ನ ಮುಖ ನೋಡಿ ಲೊಚಗುಟ್ಟಿ, ಒಂದು ಮೊರ ಮಂಡಕ್ಕಿ, ನಾಲ್ಕು ಮೆಣಸಿನಕಾಯಿ ಬಜ್ಜಿ ಮುಗಿಸಿ, ಶಿವನ ಮೇಲೆ ಭಾರ ಹಾಕಿ ಹೋಗುತ್ತಿದ್ದ. ಅವನ ಚಿಂತೆಗೆ ಹಸಿವು ಜಾಸ್ತಿ. ಗಂಡ ನೌಕರಿಯ ಊರಿನಿಂದ ಧೈರ್ಯವಾಗಿರು ಎಂದು ಕಾಗದ ಬರೆಯುತ್ತಿದ್ದರು.

ನಾನೇನು ಕಡಿಮೆಯಿರಲಿಲ್ಲ. ಒಂದು ತಿಂಗಳು ಜಂತೆ ನೋಡುತ್ತ ಮಲಗಿ, ನಾನು ಸತ್ತರೆ ಯಾರು ಯಾರು ಹೇಗೆ ಅಳುತ್ತಾರೆಂದು ಊಹಿಸಿಕೊಂಡು ನಾನೇ ಅಳುತ್ತಿದ್ದೆ. ಒಂದು ಬೆಳಿಗ್ಗೆ ಹಾಗೆ ಅಳುತ್ತಿರುವಾಗ ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಸಾಯುವ ಭಯ ಇದ್ದವಳು ಎದ್ದು ನಾಲ್ಕು ಜನರನ್ನಾದರೂ ಕೇಳಬೇಡವೇ?

ಚಪ್ಪಲಿ ಹೊಲಿಸಿಕೊಂಡು ಬರುತ್ತೇನೆಂದು ಸುಳ್ಳು ಹೇಳಿ, ಎಂಟು ತಿಂಗಳ ಹೊಟ್ಟೆ ಹೊತ್ತು ದಾವಣಗೆರೆ ಬಸ್ಸು ಹತ್ತಿದೆ. ಒಂದೇ ಕಡೆ ಹೆಚ್ಚು ಜನ ಸಿಗುತ್ತಾರೆಂದು ವಿದ್ಯಾನಗರದ ಒಂದು ಕಾಲೇಜು ಹಾಸ್ಟೆಲಿಗೆ ಹೋಗಿ ವಾರ್ಡನ್ನರಿಗೆ ವಿಷಯ ಹೇಳಿದೆ. ಅವರು ಬಿಡ್ತು ಗಿಡ್ತು ಅನ್ನಲಿಲ್ಲ. ನನಗೆ ಕುರ್ಚಿ ಕೊಟ್ಟು, ಮೆಸ್ಸಿಗೆ ಹೋಗಿ ಕೇಳಿಬಂದರು. ಆ ಗುಂಪಿನ ಇಬ್ಬರು ವಿದ್ಯಾರ್ಥಿಗಳು ಸಿಕ್ಕರು. ಅವರ ಹೆಸರು, ಹಾಸ್ಟೆಲಿನ ಫೋನ್ ನಂಬರು ಬರೆದ ಚೀಟಿಯನ್ನು ಡಾಕ್ಟರಮ್ಮನ ಕೈಗೆ ಕೊಟ್ಟೆ. ಅಂದು ಮನೆಗೆ ಬಂದು, ತಿಂಗಳ ಮೇಲೆ ಮೊದಲ ಸಲ ಹೊಟ್ಟೆ ತುಂಬ ಉಂಡೆ. ಎಲ್ಲಿಗೆ ಹೋಗಿದ್ದೆನೆಂದು ತಿಳಿದು ಅವ್ವ ಎರಡು ದಿನ ಮಾತು ಬಿಟ್ಟಳು.

ದಾವಣಗೆರೆಯ ಆಸ್ಪತ್ರೆಯಲ್ಲಿ ಹೆರಿಗೆಯಾದಾಗ ನಿಜವಾಗಿಯೂ ತುಂಬ ರಕ್ತ ಹೋಯಿತು. ಡಾಕ್ಟರಮ್ಮ ಫೋನ್ ಮಾಡಿದ ಅರ್ಧ ಗಂಟೆಯಲ್ಲಿ ಆ ಇಬ್ಬರೂ ಸೈಕಲ್ ತುಳಿದುಕೊಂಡು ಬಂದರಂತೆ. ನಾನು ಬದುಕಿದೆ, ಮಗಳೂ ಬದುಕಿದಳು.

ಮರುದಿನ ಸೋದರಮಾವ ಆಸ್ಪತ್ರೆಗೆ ಬಂದ. ಎರಡನೆಯ ಬಾಟಲಿಯ ರಕ್ತ ನನ್ನ ಕೈಗೆ ಇನ್ನೂ ಇಳಿಯುತ್ತಿತ್ತು. ಅದನ್ನೇ ನೋಡುತ್ತ ಅವ್ವನಿಗೆ ಹೇಳಿದ:

"ನಾ ಹೇಳಿರ್ಲಿಲ್ಲೇನು? ಮೊದ್ಲೇ ರಕ್ತ ತಯಾರು ಮಾಡಿಟ್ಳು, ಅದ್ಕೇ ರಕ್ತ ಹೋತು."

ಅವ್ವ ಹೌದೌದೆಂದು ತಲೆಯಾಡಿಸಿದಳು. ನನಗೆ ಸಿಟ್ಟು ಮಾಡಲೂ ತ್ರಾಣವಿರಲಿಲ್ಲ. ರಕ್ತ ಕೊಟ್ಟು ಹೋದ ಆ ಇಬ್ಬರಿಗೆ ಒಂದು ಲೋಟ ಚಾ ಆದರೂ ಕುಡಿಸಿದಿರಾ ಎಂದು ಕೇಳಿದೆ. ಅಣ್ಣ ತಂಗಿ ಮುಖ ಮುಖ ನೋಡಿಕೊಂಡರು.