ಹುಳದ ಮನೆಗೆ ಗುಲಾಬಿ ಬಣ್ಣ

ನಮ್ಮ ಮನೆಯ ಹಜಾರ ನಮ್ಮದಾಗಿರಲಿಲ್ಲ, ರೇಷ್ಮೆ ಹುಳುಗಳದಾಗಿತ್ತು. ಶಿಡ್ಲಘಟ್ಟದ ಸುತ್ತಿನ ಹಳ್ಳಿಗಳಲ್ಲಿ ಹುಳ ಸಾಕಲು ಬೇರೆಯೇ ಮನೆ ಕಟ್ಟಿಸಿಕೊಂಡವರಿದ್ದರು; ನಾವು ಆ ಪೈಕಿ ಅಲ್ಲ. ಹುಳ ಒಳಗಿದ್ದಷ್ಟು ದಿನ ಹಜಾರದ ತುಂಬ ತಟ್ಟೆಗಳು, ನಾವು ಅಡುಗೆಮನೆಯಲ್ಲಿ ಮಲಗುವುದು. ಊದುಬತ್ತಿ ಹಚ್ಚುವಂತಿಲ್ಲ, ಮುಖಕ್ಕೆ ಪೌಡರ್ ಹಾಕುವಂತಿಲ್ಲ, ಆ ವಾಸನೆಗೆ ಹುಳ ಕೆಡುತ್ತದೆ. ಇನ್ನು ಗೋಡೆಗೆ ಬಣ್ಣದ ಮಾತೆಲ್ಲಿ ಬಂತು? ವರ್ಷಕ್ಕೊಂದು ಸಲ ಸುಣ್ಣ, ಅದೂ ಹುಳಕ್ಕೆ ರೋಗ ಹತ್ತದಿರಲಿ ಎಂದು ಬ್ಲೀಚಿಂಗ್ ಪುಡಿ ಬೆರೆಸಿದ ಸುಣ್ಣ.

ನಾನು ಡಿಗ್ರಿ ಮುಗಿಸಿದ ವರ್ಷ ದೊಡ್ಡಮ್ಮ ಒಂದು ಸಂಬಂಧದ ಸುದ್ದಿ ತಂದಳು. ಗಂಡಿನವರು ನಗರಗೆರೆ ಕಡೆಯವರು, ಹುಡುಗನಿಗೆ ಗೌರಿಬಿದನೂರಿನ ಕಚೇರಿಯೊಂದರಲ್ಲಿ ಕೆಲಸ, ಬರುವ ಭಾನುವಾರ ಹೆಣ್ಣು ನೋಡಲು ಬರುತ್ತಾರೆ. ಹಿಂದೆ ಬಂದ ಎರಡು ಸಂಬಂಧ ಕೈತಪ್ಪಿದ್ದವು. ಇದಾದರೂ ಕೂಡಿಬರಲಿ ಎಂದು ಅಮ್ಮ ಕಂಡ ಕಂಡ ದೇವರಿಗೆ ಹರಕೆ ಹೊತ್ತಳು. ನಾನು ಗೋಡೆ ನೋಡುತ್ತ ಕುಳಿತೆ. ರೇಷ್ಮೆಗೂಡು ಆಗಷ್ಟೇ ಮಾರ್ಕೆಟ್ಟಿಗೆ ಹೋಗಿ ಹಜಾರ ಖಾಲಿಯಾಗಿತ್ತು. ಖಾಲಿಯಾದ ಮೇಲೆ ಅದರ ಅವಸ್ಥೆ ಇನ್ನೂ ಚೆನ್ನಾಗಿ ಕಾಣುತ್ತಿತ್ತು.

ಚಿಂತಾಮಣಿಯಲ್ಲಿ ನನ್ನ ಗೆಳತಿಯ ಮನೆಯಿತ್ತು. ಗುಲಾಬಿ ಗೋಡೆ, ಗಾಜಿನ ಷೋಕೇಸು, ಬಾಗಿಲ ಮೇಲೆ ಪ್ಲಾಸ್ಟಿಕ್ ದ್ರಾಕ್ಷಿಗೊಂಚಲು. ಅಲ್ಲಿ ಕಾಫಿ ಕುಡಿಯುವಾಗಲೆಲ್ಲ ನನ್ನ ಬಟ್ಟೆಯಲ್ಲಿ ಹಿಪ್ಪುನೇರಳೆ ಸೊಪ್ಪಿನ ವಾಸನೆ ಬರುತ್ತಿದೆಯೇನೋ ಎಂದು ಮುದುರಿಕೊಳ್ಳುತ್ತಿದ್ದೆ. ಗಂಡಿನವರು ಬಂದಾಗ ನಮ್ಮದೂ ಅಂಥ ಮನೆಯಾಗಿರಬೇಕು ಎಂದು ಹಟ ಹಿಡಿದೆ.

"ಹೊಟ್ಟೆಗೆ ಹಿಟ್ಟಿಲ್ದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು" ಎಂದು ಅಮ್ಮ ಗೊಣಗಿದಳು. ಅಪ್ಪ ಮಾತ್ರ ಅಂಗಿ ಹಾಕಿಕೊಂಡು ನನ್ನನ್ನು ಪೇಟೆಗೆ ಕರೆದುಕೊಂಡು ಹೋದ. ಪೇಂಟ್ ಅಂಗಡಿಯವನು ಬಣ್ಣಗಳ ಕಾರ್ಡು ಬಿಚ್ಚಿಟ್ಟ. ಉಗುರಿನಷ್ಟಗಲದ ಚೌಕಗಳು. ಒಂದು ಗುಲಾಬಿ ತೀರಾ ತೆಳು, ಇನ್ನೊಂದು ಹಬ್ಬದ ಮಿಠಾಯಿಯ ಹಾಗೆ ಗಾಢ. ನಾನು ಅಳೆದೂ ಸುರಿದೂ ನಿಂತಿದ್ದರೆ ಅಪ್ಪ, "ನಮ್ ಹುಡ್ಗಿ ಯಾವ್ದು ಅಂತಾಳೋ ಅದೇ ಕೊಡಪ್ಪ, ನಿಧಾನವಾಗ್ ನೋಡ್ಲಿ" ಎಂದ. ಕೊನೆಗೆ ಮಧ್ಯದ ಗುಲಾಬಿಯ ಡಿಸ್ಟೆಂಪರ್ ಪುಡಿ ತಂದೆವು.

ಬಳಿದವನು ಅಪ್ಪನೇ. ಹಸಿಯಿದ್ದಾಗ ಗೋಡೆ ನೋಡಿ ನನ್ನ ಕಣ್ಣಲ್ಲಿ ನೀರು ಬಂತು, ಅಷ್ಟು ಚೆಂದ. ಒಣಗುತ್ತ ಬಂದಂತೆ ಅಲ್ಲೊಂದು ಇಲ್ಲೊಂದು ಬಿಳಿ ಮಚ್ಚೆ ಎದ್ದವು. ಮರುದಿನ ನೋಡಿದರೆ ಇಡೀ ಹಜಾರ ತೇಪೆ ತೇಪೆ. ಮೂಸಿ ನೋಡಿದೆ, ಗೊತ್ತಾಯಿತು.

"ಅಪ್ಪಾ, ಬ್ಲೀಚಿಂಗ್ ಹಾಕ್ದ್ಯಾ ಇದಕ್ಕೆ?"

"ಹಾಕ್ದೆ ಇನ್ನೇನು? ನಾಳೆ ಹುಳ ಇಡೋ ಗೋಡೆ ಕಣಮ್ಮ. ಬ್ಲೀಚಿಂಗ್ ಇಲ್ದೆ ಹೆಂಗ್ ಬಳಿಯೋದು?" ಎಂದ ಅಪ್ಪ. ಅದು ಬಣ್ಣವನ್ನು ತಿನ್ನುತ್ತದೆಂದು ಅವನಿಗೆ ಹೊಳೆದೇ ಇರಲಿಲ್ಲ. ಅವನ ಕೈಗೆ ಗೋಡೆ ಬಳಿಯುವುದೆಂದರೆ ಅದೇ ಅಭ್ಯಾಸ.

ಮತ್ತೆ ಬಳಿಯಲು ಸಮಯವಿರಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಸಿಗುವ ಪೋಸ್ಟರುಗಳನ್ನು ತಂದೆ: ಗುಂಡು ಗುಂಡು ಕೂಸುಗಳು, ಜಲಪಾತ, ಹಿಮದ ಬೆಟ್ಟದ ಕೆಳಗೊಂದು ಮನೆ. ಮಚ್ಚೆ ಎಲ್ಲೆಲ್ಲಿತ್ತೋ ಅಲ್ಲಲ್ಲಿ ಅಂಟಿಸಿದೆ. ಒಂದು ದೊಡ್ಡ ಮಚ್ಚೆ ನೆಲದಿಂದ ಮೊಣಕಾಲೆತ್ತರದಲ್ಲಿತ್ತು, ಹಾಗಾಗಿ ಒಂದು ಕೂಸು ಅಲ್ಲೇ ಕೂರಬೇಕಾಯಿತು. ಕಿಟಕಿಯ ಪಕ್ಕ ಕರೆಂಟ್ ವೈರಿನ ಪಟ್ಟಿಯ ಮೂಲೆಯಲ್ಲಿ ಏನೋ ಉಬ್ಬಿಕೊಂಡಿತ್ತು. ಗಾರೆ ಎದ್ದಿರಬೇಕು ಎಂದು ಅದರ ಮೇಲೂ ಜಲಪಾತ ಹರಿಸಿದೆ.

ಭಾನುವಾರ ಗಂಡಿನವರು ಬಂದು ಜಮಖಾನದ ಮೇಲೆ ಕುಳಿತರು. ಹುಡುಗನ ತಾಯಿ ಕೆಳಗಿನ ಕೂಸನ್ನೇ ನೋಡುತ್ತ, "ಇದ್ಯಾಕಮ್ಮ ಇಷ್ಟ್ ಕೆಳಗೆ?" ಎಂದರು. "ಮಕ್ಳಿಗ್ ಕಾಣ್ಲಿ ಅಂತ" ಎಂದಳು ಅಮ್ಮ. ನಮ್ಮ ಮನೆಯಲ್ಲಿ ಮಕ್ಕಳೇ ಇರಲಿಲ್ಲ. ನಾನು ಕಾಫಿ ತಟ್ಟೆ ಹಿಡಿದು ಬಗ್ಗಿದ್ದೆ. ಆಗಲೇ ಹುಡುಗನ ತಂದೆ ಗೋಡೆಗೆ ಒರಗಿದರು, ತಲೆ ತಾಗಿ ಜಲಪಾತ ಕಿತ್ತು ಅವರ ಹೆಗಲ ಮೇಲೆ ಬಿತ್ತು.

ಹಿಂದೆ ಮುಖದಗಲ ಬಿಳಿ ಮಚ್ಚೆ. ಅದರ ಪಕ್ಕ ಆ ಉಬ್ಬು. ಅದು ಗಾರೆಯಲ್ಲ, ಗೂಡು. ಸಾಕುವ ತಟ್ಟೆಯಿಂದ ತಪ್ಪಿಸಿಕೊಂಡ ಯಾವುದೋ ಹುಳ ಮೂಲೆಯಲ್ಲಿ ಗೂಡು ಕಟ್ಟಿಕೊಂಡಿತ್ತು, ಅಪ್ಪ ನೋಡದೆ ಗೋಡೆಯ ಜೊತೆ ಅದಕ್ಕೂ ಬಣ್ಣ ಬಳಿದಿದ್ದ. ಹುಡುಗನ ತಂದೆ ಆ ಗುಲಾಬಿ ಗೂಡನ್ನು ಕಿತ್ತು, ಕಿವಿಯ ಹತ್ತಿರ ಅಲ್ಲಾಡಿಸಿ, ಬೆರಳಲ್ಲಿ ಅಮುಕಿ ನೋಡಿದರು.

"ಹುಳ ಈ ಮನೇಲೇ ಸಾಕ್ತೀರಾ? ಗೂಡ್ ಗಟ್ಟಿ ಐತೆ. ಯಾರು ನೋಡ್ಕೊಳ್ಳೋದು?"

ಭೂಮಿ ಬಾಯಿ ಬಿಡಬಾರದೆ ಅನ್ನಿಸಿತು. ಮುಖ ಕಾದ ಕಾವಲಿಯಾಗಿತ್ತು. ಅಪ್ಪ ಒಂದು ಗಳಿಗೆ ನನ್ನನ್ನೇ ನೋಡಿದ. ಹುಳ ಪೊರೆ ಬಿಡಲು ಜ್ವರಕ್ಕೆ ಕೂರುವ ಹೊತ್ತನ್ನು, ಸೊಪ್ಪು ನಿಲ್ಲಿಸಬೇಕಾದ ಹೊತ್ತನ್ನು ನನ್ನಷ್ಟು ಸರಿಯಾಗಿ ಹೇಳುವವರು ಊರಲ್ಲೇ ಇಲ್ಲ ಎಂದು ಕಂಡವರ ಮುಂದೆಲ್ಲ ಜಂಬ ಕೊಚ್ಚುತ್ತಿದ್ದ ಮನುಷ್ಯ ಅವನು.

"ನಾವ್ ಗಂಡ ಹೆಂಡ್ತೀನೇ ನೋಡ್ಕೋತೀವಿ" ಎಂದ. "ಮಗ್ಳು ಓದ್ಕೊಂಡಿರೋಳು. ಹುಳ ಮುಟ್ಟೂ ಗೊತ್ತಿಲ್ಲ ಅವ್ಳಿಗೆ."

ನನಗೆ ಉಸಿರು ಬಂದಂತಾಯಿತು. ಅವರೂ ಹೂಂ ಎಂದು ಗೂಡನ್ನು ತಟ್ಟೆಯ ಪಕ್ಕ ಇಟ್ಟು, ಉಪ್ಪಿಟ್ಟು ತಿಂದು ಹೋದರು.

ವಾರದೊಳಗೆ ದೊಡ್ಡಮ್ಮ ಬಂದಳು. "ಹುಡ್ಗಿ ಲಕ್ಷಣವಾಗವ್ಳೆ ಅಂದ್ರು. ಆದ್ರೆ ಅವ್ರದೂ ಹಿಪ್ಪುನೇರಳೆ ತೋಟ, ವರ್ಷವಿಡೀ ಹುಳ. ಮಗ ಕೆಲ್ಸಕ್ಕ್ ಹೋಗ್ತಾನೆ, ಹುಳದ್ ಕೆಲ್ಸ ಗೊತ್ತಿರೋ ಸೊಸೆ ಬೇಕಂತೆ. ನಿಮ್ ಹುಡ್ಗಿಗೆ ಮುಟ್ಟೂ ಗೊತ್ತಿಲ್ವಂತಲ್ಲ" ಎಂದಳು.

"ಅಯ್ಯೋ ರಾಮಾ, ಇವ್ಳಿಗೆ ಎಲ್ಲಾ ಗೊತ್ತು ಅಂತ ಹೋಗ್ ಹೇಳಕ್ಕಾ" ಎಂದು ಅಮ್ಮ ಎದ್ದು ನಿಂತಳು.

"ಈಗ್ ಹೇಳಿದ್ರೆ ಯಾರ್ ನಂಬ್ತಾರೆ?" ಎಂದ ಅಪ್ಪ. ದೊಡ್ಡಮ್ಮ ಹೋಗುವವರೆಗೂ ಅವನು ತಲೆ ಎತ್ತಲಿಲ್ಲ. ಆಮೇಲೆ ನಾನಿದ್ದಲ್ಲಿಗೆ ಬಂದು, ನನ್ನ ಮುಖ ನೋಡದೆ ಹೇಳಿದ:

"ನಿಂಗೆ ನಾಚ್ಕೆ ಆಗ್ತೈತೇನೋ ಅಂತ ಹಂಗಂದ್ಬಿಟ್ಟೆ ಕಣಮ್ಮ. ತಪ್ಪಾಯ್ತು."

ನಾಚಿಕೆ ಆಗಿರಲಿಲ್ಲ ಎಂದು ನಾನು ಒಂದು ಮಾತು ಹೇಳಿದ್ದರೆ ಅಪ್ಪ ನಂಬಿಬಿಡುತ್ತಿದ್ದ. ಆ ಒಂದು ಸುಳ್ಳು ನನ್ನ ಬಾಯಿಗೆ ಬರಲಿಲ್ಲ.